ಅತ್ತಿಯ ಭರಣಿಯಲ್ಲಿ ಉಪ್ಪು ಕೆಂಪಾದದ್ದು

ಬ್ಯಾಡಗಿಯಲ್ಲಿ ಯಾವುದು ಕೆಂಪಾದರೂ ತಪ್ಪು ಮೆಣಸಿನಕಾಯಿಯದೇ. ಗೋಡೆಗೆ ಕೆಂಪು ಹತ್ತಿದರೂ ಅದೇ, ಎತ್ತಿನ ಬಾಲಕ್ಕೆ ಹತ್ತಿದರೂ ಅದೇ, ಸುಗ್ಗಿಯಲ್ಲಿ ಓಣಿಯ ನಾಯಿ ಸೀನಿದರೂ ಅದೇ. ಹೀಗಾಗಿ ನಮ್ಮ ಸೋದರತ್ತಿಯ ಅಡಿಗೆಮನೆಯಲ್ಲಿ ಉಪ್ಪಿನ ಭರಣಿಯ ತಳ ಕೆಂಪಾದಾಗ ವಿಚಾರಣೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಖಾರದ ಕೈ ಯಾರು ಹಾಕಿದ್ರಿ ಇದರಾಗ?"

ಖಾರದ ಕೈಯನ್ನು ಉಪ್ಪಿಗೆ ಹಾಕಬಾರದು ಎಂಬುದು ಆ ಮನೆಯ ಕಾಯ್ದೆ. ಅಡಿಗೆಮನೆಯಲ್ಲಿ ಆಡುತ್ತಿದ್ದ ಕೈಗಳೋ ಎರಡೇ ಜೋಡಿ. ಒಂದು ಅತ್ತಿಯದು, ಇನ್ನೊಂದು ಆರು ತಿಂಗಳ ಹಿಂದೆ ಐರಣಿಯಿಂದ ಸೊಸೆಯಾಗಿ ಬಂದ ನಮ್ಮ ವೈನಿಯದು. ಅತ್ತಿ ತನ್ನ ಕೈಯನ್ನು ಮೊದಲೇ ಲೆಕ್ಕದಿಂದ ತೆಗೆದಿಟ್ಟಿದ್ದಳು.

"ನಾ ಹಾಕಿಲ್ರಿ ಅತ್ತಿ," ಎಂದಳು ವೈನಿ.

"ಹಂಗಾರ ಉಪ್ಪು ತಾನ ನಾಚಿಕೊಂಡು ಕೆಂಪಾತೇನು? ನಿಮ್ಮವ್ವ ಇಷ್ಟೂ ಕಲಿಸಿ ಕಳಿಸಿಲ್ಲ ನೋಡು. ನಾಡದು ರಂಜಕ ಕುಟ್ಟೋದೈತಿ, ಉಪ್ಪಿನ ಕಡೆ ನೀ ಬರಬ್ಯಾಡ."

ಹಣ್ಣು ಮೆಣಸಿನಕಾಯಿಗೆ ಉಪ್ಪು ಹಾಕಿ ಕುಟ್ಟಿ, ವರ್ಷಕ್ಕಾಗುವಷ್ಟು ರಂಜಕ ತುಂಬಿಡುವ ದಿನ ಓಣಿಯ ಹೆಂಗಸರೆಲ್ಲ ಆ ಮನೆಯಲ್ಲೇ ಸೇರುತ್ತಿದ್ದರು. ಅವರೆದುರು ಸೊಸೆ ಉಪ್ಪು ಮುಟ್ಟದೆ ದೂರ ಕುಳಿತರೆ ಸಂಜೆಯೊಳಗೆ ಊರಿಗೆಲ್ಲ ಕಾರಣ ಗೊತ್ತಾಗುತ್ತಿತ್ತು. ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ ವೈನಿ ನನಗೆ ಹೇಳಿದ್ದು ಒಂದೇ ಮಾತು: "ನನಗ ಏನರ ಅನ್ಲಿ. ನಮ್ಮವ್ವ ಏನ್ ಮಾಡ್ಯಾಳ ಪಾಪ?"

ಎಂಬತ್ತರ ದಶಕದ ಕೊನೆಯ ಮಾತಿದು. ನಾನು ಆಗ ಧಾರವಾಡದಲ್ಲಿ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆಗೆ ಹೊಸದಾಗಿ ಸೇರಿ, ರಜೆಗೆಂದು ಅತ್ತಿಯ ಮನೆಗೆ ಬಂದಿದ್ದೆ. ನನ್ನ ಪಾಲಿಗೆ ಬಂದದ್ದು ಈಗ ಆರ್ಕಿಯಾ ಎಂದು ಕರೆಯುವ ವಿಚಿತ್ರ ವಂಶ. ನೋಡಲಿಕ್ಕೆ ಥೇಟ್ ಬ್ಯಾಕ್ಟೀರಿಯಾ. ಒಳಗಿನ ಕಾರಭಾರ ನೋಡಿದರೆ ಎಷ್ಟೋ ಕಡೆ ನಮ್ಮ ನಿಮ್ಮ ಜೀವಕೋಶದ ನೆಂಟರು. ಕೆಲವಕ್ಕೆ ಕುದಿಯುವ ನೀರು ಬೇಕು, ಕೆಲವಕ್ಕೆ ಕೈಯಿಟ್ಟರೆ ಉರಿಯುವಷ್ಟು ಉಪ್ಪು. ಈ ಉಪ್ಪಿನವಕ್ಕೆ ಮೈಬಣ್ಣ ಕೆಂಪು, ಮತ್ತು ಕಡಲ ಉಪ್ಪಿನ ಹರಳಿನೊಳಗೇ ಕುಳಿತು ಊರೂರು ತಿರುಗುತ್ತವೆ ಎಂದು ಓದಿದ್ದೆ. ಅತ್ತಿಯ ಮನೆಗೆ ಬರುತ್ತಿದ್ದುದು ಕುಮಟಾ ಕಡೆಯ ಹರಳುಪ್ಪು. ಪುಸ್ತಕದಲ್ಲಿದ್ದದ್ದು ಭರಣಿಯಲ್ಲೂ ಇರಬಾರದೇಕೆ?

"ವೈನಿ, ಇದು ಖಾರ ಅಲ್ಲ. ಉಪ್ಪಿನ್ಯಾಗ ಬದುಕೂ, ಕಣ್ಣಿಗೆ ಕಾಣದ ಜೀವ ಇರಬೇಕು. ನಾ ತೋರಿಸಿ ಕೊಡ್ತೀನಿ," ಎಂದು ಮಾತು ಕೊಟ್ಟೇಬಿಟ್ಟೆ.

ಮರುದಿನ ಹಾವೇರಿಗೆ ಹೋಗಿ, ನಾನು ಓದಿದ ಕಾಲೇಜಿನಲ್ಲಿ ಕಾಡಿ ಬೇಡಿ ಒಂದು ಸೂಕ್ಷ್ಮದರ್ಶಕ ತಂದೆ. ಬಸ್ಸಿನಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರ್ ಬಗ್ಗಿ ನೋಡಿದ.

"ಕೂಸೇನ್ರಿ?"

"ಕೂಸಿಗಿಂತ ನಾಜೂಕು ಐತ್ರಿ."

"ಹಂಗಾರ ಗಟ್ಟಿ ಹಿಡ್ಕೊಳ್ರಿ. ಮೋಟೆಬೆನ್ನೂರು ದಾಟೂ ತನಕ ನಮ್ಮ ರಸ್ತಾ ಸುಮ್ನ ಮಲಗಾಕ ಬಿಡೂದಿಲ್ಲ."

ಮಧ್ಯಾಹ್ನದ ಬಿಸಿಲಿಗೆ ಹಿತ್ತಲ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಕನ್ನಡಿ ತಿರುಗಿಸಿ ಬೆಳಕು ಹಿಡಿದೆ. ಪಕ್ಕದ ಮನೆಯ ಖಾಲಾ, ಅತ್ತಿಯ ಮೂವತ್ತು ವರ್ಷದ ಗೆಳತಿ, ಕಾಂಪೌಂಡಿನ ಮೇಲಿಂದಲೇ ಕೇಳಿದರು, "ಏನ್ ನಡದೈತಿ ಬೇಟಿ?"

"ಉಪ್ಪಿನ ಪಂಚಾಯ್ತಿ," ಎಂದಳು ಅತ್ತಿ. ಖಾಲಾ ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಂದೇಬಿಟ್ಟರು.

ಉಪ್ಪು ನೀರೊಡೆದು ಭರಣಿಯ ತಳದಲ್ಲಿ ನಿಂತಿದ್ದ ಕೆಂಪು ರಸದ ಒಂದು ತೊಟ್ಟು ಗಾಜಿನ ಮೇಲೆ ಹಾಕಿದೆ. ಕಾಲೇಜಿನಲ್ಲಿ ಐದು ವರ್ಷ ಮಾಡಿದ ರೂಢಿಯಂತೆ ಸೀಸೆಯಿಂದ ಶುದ್ಧ ನೀರು ತೆಗೆದು ಮೂರು ತೊಟ್ಟು ಬೆರೆಸಿ, ಅಚ್ಚುಕಟ್ಟಾಗಿ ಮುಚ್ಚಿ, ಕಣ್ಣಿಟ್ಟೆ.

ಏನೂ ಇಲ್ಲ.

ಮತ್ತೊಂದು ಗಾಜು, ಮತ್ತೆ ನೀರು. ಖಾಲಿ ಆಕಾಶ. ಮೂರನೆಯದೂ ಅಷ್ಟೇ.

"ಏನ್ ಕಾಣಸ್ತೈತಿ?" ಅತ್ತಿ ಕೇಳಿದಳು.

"ಏನೂ ಇಲ್ಲತ್ತಿ."

"ಏನೂ ಇಲ್ಲ ಅಂದ್ರ ಖಾರಾನ. ಇಷ್ಟು ತಿಳ್ಯಾಕ ಧಾರವಾಡಕ ಹೋಗಿ ಕಲೀಬೇಕಾತೇನ್ ನಮ್ಮವ್ವಾ?"

ಖಾಲಾ ಪಾಪ, ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ವೈನಿಯ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ. ಅಲ್ಲಿಯವರೆಗೆ ಅವಳ ಮೇಲೆ ಇದ್ದದ್ದು ಬರೀ ಅನುಮಾನ. ಈಗ ನಾನು ಹಾವೇರಿಯಿಂದ ಯಂತ್ರ ತಂದು, ಸಾಕ್ಷಿಗೆ ಖಾಲಾರನ್ನೂ ಕೂರಿಸಿಕೊಂಡು, ಅದಕ್ಕೆ ಠಸ್ಸೆ ಒತ್ತಿದ್ದೆ.

ಅತ್ತಿ ಎದ್ದು ಒಳಗೆ ಹೋದಳು. ವೈನಿ ಬಾಗಿಲ ಹತ್ತಿರ ನಿಂತೇ ಇದ್ದಳು. ಹತ್ತಿರ ಬಂದು ಗಾಜಿನ ಕಡೆ ಬಗ್ಗಿ ಕೇಳಿದಳು, "ಅದಕ್ಕ ಏನ್ ಹಾಕಿದ್ರಿ ನೀವು?"

"ನೀರು. ಅಗ್ದೀ ಶುದ್ಧ ನೀರು."

"ಬರೇ ನೀರ? ಅಲ್ರೀ, ಉಪ್ಪಿನ್ಯಾಗಿನ ನೆಲ್ಲಿಕಾಯಿ ಬರೇ ನೀರಾಗ ಬಿಟ್ರ ಉಬ್ಬಿ ಒಡೀತಾವು. ಅಷ್ಟು ದೊಡ್ಡ ಕಾಯಿನ ತಡಿಯೂದಿಲ್ಲ. ನಿಮ್ಮವು ಕಣ್ಣಿಗೆ ಕಾಣದವು, ತಡೀತಾವೇನ್ರಿ?"

ನಾನು ಹಣೆ ಬಡಿದುಕೊಂಡೆ. ಈ ಜೀವಿಗಳ ಮೈಮೇಲೆ ಗಟ್ಟಿ ಗೋಡೆಯಿಲ್ಲ, ಪ್ರೋಟೀನಿನ ಒಂದು ತೆಳು ಅಂಗಿ ಮಾತ್ರ, ಆ ಅಂಗಿಯ ಹೊಲಿಗೆಯೇ ಉಪ್ಪು ಎಂದು ನನ್ನ ಕೈಯಾರೆ ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ಓದಿದ್ದು ತಲೆಯಲ್ಲಿತ್ತು, ಕೈ ಮಾತ್ರ ತನ್ನ ರೂಢಿ ಬಿಟ್ಟಿರಲಿಲ್ಲ. ಸಾಕ್ಷಿಗಳನ್ನು ಕರೆಸಿ, ಹೇಳಿಕೆ ಕೊಡುವ ಮೊದಲೇ ನೀರಿನಲ್ಲಿ ಮುಳುಗಿಸಿದ್ದೆ.

ಈ ಸಲ ನೀರಿನ ಸೀಸೆ ಮುಟ್ಟಲಿಲ್ಲ. ಭರಣಿಯ ರಸವನ್ನಷ್ಟೇ ಹಾಕಿ ನೋಡಿದೆ. ಅಬ್ಬಬ್ಬಾ, ಜಾತ್ರೆ! ಸಣ್ಣ ಸಣ್ಣ ಕಡ್ಡಿಗಳು, ಒಂದು ಸುಮ್ಮನೆ ತೇಲುತ್ತಿದೆ, ಇನ್ನೊಂದು ಅವಸರದಲ್ಲಿ ಎಲ್ಲಿಗೋ ಹೊರಟಿದೆ.

"ಅತ್ತಿ, ಲಗೂ ಬಾ!"

ಅತ್ತಿ ಒಂದು ಕಣ್ಣು ಮುಚ್ಚಲು ಬಾರದೆ ಎರಡನ್ನೂ ಮುಚ್ಚಿಕೊಂಡು ನೋಡಿದಳು. ಕೊನೆಗೆ ಖಾಲಾ ಹಿಂದಿನಿಂದ ಅವಳ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದರು.

"ಅಯ್ಯ ಶಿವನೆ, ಓಡ್ಯಾಡಾಕತ್ಯಾವು!"

"ಖಾರದ ಪುಡಿ ಓಡ್ಯಾಡ್ತೈತೇನು? ಈಗ ನೋಡು," ಎಂದು ಗಾಜಿನ ಅಂಚಿಗೆ ಒಂದು ತೊಟ್ಟು ನೀರು ಬಿಟ್ಟೆ. ಕಡ್ಡಿಗಳು ದುಂಡಗಾಗಿ, ಒಂದೊಂದಾಗಿ ಇಲ್ಲವಾದವು.

"ಹೋದ್ವು!" ಎಂದಳು ಅತ್ತಿ. ಆಮೇಲೆ ಬೇರೆಯೇ ಚಿಂತೆ ಹತ್ತಿತು. "ಅಲ್ಲವಾ, ಇಷ್ಟು ದಿನ ಇವನ್ನ ತಿಂದೀವೇನು?"

"ಏನೂ ಮಾಡೂದಿಲ್ಲ ಅವು. ಸಾರಿನ್ಯಾಗ ಬಿದ್ದ ಕೂಡ್ಲೆ ಸಾಯ್ತಾವು."

"ಹಂಗಾದ್ರ ಬಹೂ ಬೇಕಸೂರ್," ಎಂದು ಖಾಲಾ ತೀರ್ಪು ಕೊಟ್ಟರು. "ಸೊಸೀದು ತಪ್ಪಿಲ್ಲ ಬಿಡ್ರಿ."

ಅತ್ತಿ ಆ ಭರಣಿ ಎತ್ತಿಕೊಂಡು ಒಳಗೆ ಹೋದಳು. ಸೊಸೆಗೆ ತಪ್ಪಾಯಿತು ಎನ್ನುವ ಪದ್ಧತಿ ಆಗಿನ ಅತ್ತೆಯರಲ್ಲಿ ಇರಲಿಲ್ಲ. ರಂಜಕ ಕುಟ್ಟುವ ದಿನ ಒರಳಿನ ಸುತ್ತ ಎಂಟು ಹತ್ತು ಹೆಂಗಸರು ಕುಳಿತಿದ್ದರು. ವೈನಿ ಹಿಂದೆ ಗೋಡೆಗೆ ಒರಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅತ್ತಿ ಹೊಸ ಉಪ್ಪಿನ ಬುಟ್ಟಿಯನ್ನು ಎಲ್ಲರೂ ನೋಡುವಂತೆ ಅವಳ ಮುಂದೆ ದೂಡಿ, "ಹಾಕವಾ, ಐರಣ್ಯಾಗ ಹೆಂಗ ಹಾಕ್ತಾರೋ ಹಂಗ ಹಾಕು," ಎಂದಳು.

ವೈನಿಯ ಕೈ ಖುಷಿಗೋ ಹೆದರಿಕೆಗೋ ತಡೆಯಲೇ ಇಲ್ಲ. ಬೊಗಸೆಯ ಮೇಲೆ ಬೊಗಸೆ ಹಾಕಿದಳು. ಆ ವರ್ಷದ ರಂಜಕ ನಾಲಿಗೆಗೆ ಇಟ್ಟರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅತ್ತಿ ವರ್ಷಪೂರ್ತಿ ಮುಖ ಸಿಂಡರಿಸದೆ ಉಂಡಳು. ಯಾರಾದರೂ ಉಪ್ಪು ಹೆಚ್ಚಾಯಿತೇನೋ ಎಂದರೆ, "ರೊಟ್ಟಿ ಇನ್ನೊಂದು ಹಾಕ್ಕೊಳ್ರಿ," ಎನ್ನುತ್ತಿದ್ದಳು.