ಅಪ್ಪನ ಎಡೆಗೆ ಮೈಕ್ರೋವೇವ್ ಮೀನು

ನಾನು ಓದು ನಿಲ್ಲಿಸಿದ್ದು 1996ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ. ಮಾರನೇ ವಾರವೇ ಚನ್ನರಾಯಪಟ್ಟಣದ ಮೋಟಾರು ರಿಪೇರಿ ಅಂಗಡಿಗೆ ಸೇರಿ ತಾಮ್ರದ ತಂತಿ ಸುತ್ತಲು ಕಲಿತೆ. ಇವತ್ತು ಸುತ್ತಮುತ್ತ ಯಾರ ಪಂಪ್‌ಸೆಟ್ಟು ಸುಟ್ಟರೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಕರೆಂಟಿನಿಂದ ನಡೆಯುವ ವಸ್ತುವಿಗೆ ಪುಸ್ತಕ ಓದುವವನು ನಾನಲ್ಲ. ಮೈಕ್ರೋವೇವ್ ಜೊತೆ ಬಂದ ಪುಸ್ತಕವನ್ನು ಕವರಿನಿಂದಲೇ ತೆಗೆದಿರಲಿಲ್ಲ.

ನಮ್ಮಲ್ಲಿ ಪಕ್ಷದ ದಿನ, ತೀರಿಹೋದವರಿಗೆ ಅವರು ಇಷ್ಟಪಡುತ್ತಿದ್ದುದನ್ನೇ ಮಾಡಿ ಎಡೆ ಇಡುತ್ತೇವೆ. ಅಪ್ಪನಿಗೆ ಮೀನು. ಎದುರಿಗೆ ಮಟನ್ ಇದ್ದರೂ ಪಕ್ಕಕ್ಕೆ ಸರಿಸಿ ಮೀನು ಕೇಳುತ್ತಿದ್ದ ಮನುಷ್ಯ. ಪ್ರತಿ ವರ್ಷ ಅಕ್ಕ ಕೊಣನೂರಿನಿಂದ ಮೀನು ತಂದು ತಾನೇ ಮಾಡುತ್ತಿದ್ದಳು. ಹೋದ ವರ್ಷ ಬಚ್ಚಲಲ್ಲಿ ಜಾರಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ನಾನು ಹಾಸನದಿಂದ ಎರಡು ಪೊಟ್ಟಣ ಐಸ್ ಮೀನು ತಂದಿಟ್ಟಿದ್ದೆ. ಒಲೆಯ ಮೇಲೆ ಒಂದು ಕಡೆ ಮಟನ್, ಇನ್ನೊಂದು ಕಡೆ ಕೋಳಿ.

"ಮೀನು ನನಗೆ ಬಿಡಿ" ಎಂದು ಮೈಕ್ರೋವೇವ್ ಕಡೆ ಕೈ ತೋರಿಸಿದೆ.

"ಆ ಪೆಟ್ಗೇಲಿ ಹಾಲು ಬಿಟ್ರೆ ಇನ್ನೇನೂ ಕಾಯ್ಸಿಲ್ಲ ಕಣ್ರೀ" ಎಂದಳು ಹೆಂಡತಿ.

"ಕಾಯ್ಸಾದೆಲ್ಲ ಒಂದೇ ಕಣೆ."

ಅಕ್ಕ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಳು. "ನೋಡ್ಲಾ, ಎಡೆಗೆ ಮುಂಚೆ ರುಚಿ ನೋಡಂಗಿಲ್ಲ. ಮುರ್ದು ನೋಡಂಗೂ ಇಲ್ಲ. ನೀ ಕೆಡಿಸ್ದೆ ಅಂದ್ರೆ ಅಪ್ಪ ಉಪಾಸ."

ಇಟ್ಟಿಗೆಯ ಹಾಗಿದ್ದ ಮೀನಿಗೆ ಹಾಗೇ ಮಸಾಲೆ ಮೆತ್ತಿ ಹತ್ತು ನಿಮಿಷ ತಿರುಗಿಸಿದೆ. ಮೇಲೆ ಕೆಂಪಗೆ ಮಿರಮಿರ ಮಿಂಚಿತು. ಎಡೆ ಇಟ್ಟೆವು, ಧೂಪ ಹಾಕಿದೆವು, ಹಿರಿಯರು ಊಟ ಮಾಡಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ನಿಂತೆವು. ಆಮೇಲೆ ಬಡಿಸುವಾಗ ಹೆಂಡತಿ ಒಂದು ತುಂಡು ಮುರಿದಳು. ಒಳಗೆ ಐಸು ಫಳಫಳ.

"ಅಯ್ಯೋ ನಿನ್ನ! ಅಪ್ಪಂಗೆ ಐಸ್ ಕ್ಯಾಂಡಿ ಇಟ್ಟಿದ್ದೀಯಲ್ಲಾ!" ಎಂದಳು ಅಕ್ಕ.

"ಮಾವಂಗೆ ನೆಗಡಿ ಗ್ಯಾರಂಟಿ" ಎಂದು ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅಕ್ಕ ಮಾತ್ರ ನಗಲಿಲ್ಲ. ಎಲೆಯನ್ನು ಮುಂದಕ್ಕೆ ತಳ್ಳಿದಳು. "ಅಪ್ಪ ಉಂಡಿಲ್ಲ. ನಾನೂ ಉಣ್ಣಾಕಿಲ್ಲ."

ಆ ಮಾತು ನನಗೆ ನಾಟಿತು. ಎರಡನೇ ಪೊಟ್ಟಣ ಕೈಯಲ್ಲಿ ಹಿಡಿದು ಯೋಚಿಸಿದೆ. ಮೋಟಾರು ಸುತ್ತಿದ ಮೇಲೆ ವಾರ್ನಿಷ್ ಹಾಕಿ ಕಾಯಿಸುತ್ತೇವೆ. ಅವಸರಕ್ಕೆ ಜೋರು ಶಾಖ ಕೊಟ್ಟರೆ ಮೇಲೆ ಗಟ್ಟಿ, ಒಳಗೆ ಹಸಿ. ಇದನ್ನು ಕೆಲಸ ಕಲಿಯುವವರಿಗೆ ಬೈದು ಬೈದು ಹೇಳಿಕೊಡುವವನು ನಾನೇ. ಮೀನಿಗೂ ಅದೇ ಕೆಲಸ ಮಾಡಿದ್ದೆ!

ಈ ಸಲ ಸಣ್ಣ ಶಾಖದಲ್ಲಿ ಐಸು ಬಿಡಿಸಿದೆ. ತುಂಡುಗಳನ್ನು ಬೇರೆ ಬೇರೆ ಮಾಡಿ, ನೀರು ಬಸಿದು, ಆಮೇಲೆ ಮಸಾಲೆ. ಎರಡು ನಿಮಿಷ ಕಾಯಿಸುವುದು, ಎರಡು ನಿಮಿಷ ಸುಮ್ಮನೆ ಬಿಡುವುದು.

"ಬೆಂದೈತೆ ಅಂತ ಎಂಗೆ ಗೊತ್ತಾಗಾದು ಅಕ್ಕಾ, ಮುರಿಯಂಗಿಲ್ವಲ್ಲ?"

"ಚುಚ್ಬೋದು ಕಣ್ಲಾ."

ತೊಳೆದ ತೆಂಗಿನ ಕಡ್ಡಿ ಚುಚ್ಚಿ ತೆಗೆದು, ತುದಿಯನ್ನು ಮುಂಗೈಗೆ ಮುಟ್ಟಿಸಿಕೊಂಡೆ. ಚುರ್ ಎಂದಿತು. ಹೊಸ ಎಲೆ ಹಾಕಿ ಮತ್ತೆ ಎಡೆ ಇಟ್ಟೆ. ಮತ್ತೆ ಧೂಪ, ಮತ್ತೆ ಬಾಗಿಲು.

ಅಕ್ಕನ ಬಲಗೈ ಪ್ಲಾಸ್ಟರಿನಲ್ಲಿತ್ತಲ್ಲ, ನಾನೇ ಮುಳ್ಳು ಬಿಡಿಸಿ ಒಂದು ತುತ್ತು ಬಾಯಿಗಿಟ್ಟೆ. ನಿಧಾನವಾಗಿ ಅಗಿದಳು.

"ಉಪ್ಪು ಕಮ್ಮಿ" ಎಂದಳು. ಮತ್ತೆ ಬಾಯಿ ತೆರೆದಳು. ನಾಕನೇ ತುತ್ತಿಗೆ, "ಬರೋ ವರ್ಸಾನೂ ನೀನೇ ಮಾಡು" ಎಂದಳು.

ಈಗ ನನಗಿರುವುದು ಇಷ್ಟು: ಅಂಗಡಿ ಒಂದು, ತಂತಿ ಸುತ್ತುವ ಮಿಷನ್ನು ಎರಡು, ಹೆಂಡತಿ ಒಬ್ಬಳು, ಅಕ್ಕ ಒಬ್ಬಳು, ಈ ಸಲದ ಪಕ್ಷಕ್ಕೆ ಫ್ರಿಜ್ಜಿನಲ್ಲಿ ಮೀನಿನ ಪೊಟ್ಟಣ ಮೂರು.