ನಾನು ವಂಚಿತಳಾದ ಬೇಸಿಗೆ

ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ, ಮನೆಯ ಪಡಸಾಲೆಯಲ್ಲಿ ಮಾವಿನಹಣ್ಣು ಚೀಪುತ್ತ ಬಿದ್ದುಕೊಂಡಿದ್ದ ನನಗೆ ನಾನು ವಂಚಿತಳು ಎಂಬ ಸಂಗತಿ ಗೊತ್ತೇ ಇರಲಿಲ್ಲ. ಅದನ್ನು ಕಂಡುಹಿಡಿಯಲು ಪುಣೆಯಿಂದ ಜನ ಬರಬೇಕಾಯಿತು.

ಬಂದವರು ಒಂದು ಸಂಸ್ಥೆಯವರು. ಮೇ ತಿಂಗಳಲ್ಲಿ ಮಿರಜಿನ ಕಾಲೇಜೊಂದರಲ್ಲಿ ವಿಜ್ಞಾನ ತಂತ್ರಜ್ಞಾನದ ಶಿಬಿರ ಇಟ್ಟುಕೊಂಡಿದ್ದರು. ಪೂರಾ ಫುಕಟ್ಟು. ಮೇಲೆ ಒಂದು ಟೀ ಶರ್ಟು, ಬಸ್ಸಿನ ಪಾಸು. ಷರತ್ತು ಒಂದೇ, ಮಕ್ಕಳು ‘ವಂಚಿತ’ರಾಗಿರಬೇಕು. ಪುಸ್ತಕದ ಮರಾಠಿಯಲ್ಲಿ ಹಾಗೆಂದರೆ ಅವಕಾಶ ಸಿಗದವರು. ಮಹಾರಾಷ್ಟ್ರದ ಸಾಂಗ್ಲಿ ಪಕ್ಕದ ನಮ್ಮೂರು ಕಸಬೆ ಡಿಗ್ರಜದ ಶಾಲೆಗೂ ಬಂದು ಅಂಥವರನ್ನು ಹುಡುಕಿದರು.

ಶಿಬಿರದ ಮುಖ್ಯಸ್ಥರು, ನಾವೆಲ್ಲ ಅವರನ್ನು ‘ಸರ್’ ಎನ್ನುತ್ತಿದ್ದೆವು, ನನ್ನನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿದರು. ಮನೆಯಲ್ಲಿ ಯಾವ ಭಾಷೆ? ಕನ್ನಡ. ಅವರ ಮುಖ ಅರಳಿತು. ಧರ್ಮ? ಜೈನ. ಇನ್ನೂ ಅರಳಿತು. ಕೃಷ್ಣೆಯ ಮಹಾಪೂರ ಮನೆಗೆ ಬಂದಿತ್ತೇ? ಬಂದಿತ್ತು ಸರ್, ಅರಿಸಿನದ ಚೀಲಗಳ ಸಮೇತ ಶಾಲೆಯ ಮಾಳಿಗೆಯ ಮೇಲೆ ಇದ್ದೆವು. ಅಷ್ಟು ಕೇಳಿದ್ದೇ ತಡ, ಪಕ್ಕದವರತ್ತ ಬಾಗಿ ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದರು. ‘ಫೋರ್ ಇನ್ ವನ್’ ಎಂಬುದಷ್ಟೇ ನನಗೆ ಕೇಳಿಸಿತು. ಹೆಣ್ಣು, ಕನ್ನಡ, ಜೈನ, ಮಹಾಪೂರ. ಅಷ್ಟು ಅಗ್ಗಕ್ಕೆ ಅವರಿಗೆ ಬೇರೆ ಯಾರೂ ಸಿಕ್ಕಿರಲಿಕ್ಕಿಲ್ಲ.

ನನಗಂತೂ ಆ ಶಿಬಿರ ಬೇಕೇ ಬೇಕಾಗಿತ್ತು, ಕಾರಣ ಬೇರೆ. ನನಗೆ ಹನ್ನೊಂದನೆಯದಕ್ಕೆ ಸಾಂಗ್ಲಿಯಲ್ಲಿ ಸೈನ್ಸ್ ಓದಬೇಕಿತ್ತು. ನಮ್ಮ ಮನೆಯಲ್ಲಿ ಅಪ್ಪ ಹೊಲ ನೋಡುತ್ತಾನೆ, ಅವ್ವ ಅಡುಗೆಮನೆ ನೋಡುತ್ತಾಳೆ, ಉಳಿದದ್ದನ್ನೆಲ್ಲ ಅಜ್ಜಿ ನೋಡುತ್ತಾಳೆ. ಅಜ್ಜಿ ನನಗೆ ಆರ್ಟ್ಸ್ ಎಂದು ತೀರ್ಮಾನಿಸಿ ಆಗಿತ್ತು. ಹೆಣ್ಣುಮಕ್ಕಳು ಓದಬಾರದು ಎಂಬ ಹಟ ಅವಳಿಗಿರಲಿಲ್ಲ, ಪಾಪ. ಅವಳ ತಕರಾರು ಸೂರ್ಯನ ಜೊತೆಗೆ.

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆರ್ಟ್ಸಿನವರನ್ನು ಮಧ್ಯಾಹ್ನಕ್ಕೇ ಬಿಟ್ಟುಬಿಡುತ್ತಾರೆ. ಸೈನ್ಸಿನವರಿಗೆ ಪ್ರಾಕ್ಟಿಕಲ್ಲು ಎಂದು ಸಂಜೆಯವರೆಗೆ ಹಿಡಿದು ಕೂರಿಸುತ್ತಾರೆ. ದೀಪಾವಳಿ ದಾಟಿದ ಮೇಲೆ ಕತ್ತಲೆಗೆ ಭಾರಿ ಅವಸರ, ನಮ್ಮೂರ ಬಸ್ಸಿಗೆ ಅವಸರವೇ ಇಲ್ಲ.

“ದಿನಾ ಉಪಾಸ ಮಲಗತೀ ಏನ? ಎಲುಬಿನ ಹಂದರ ಆಗಿ ಹೊಕ್ಕೀ. ನಿನ್ನ ಸೈನ್ಸಿಗೆ ಬೆಂಕಿ ಹತ್ತಲಿ!” ಎಂದು ಅಜ್ಜಿ ಮಾತು ಮುಗಿಸಿದ್ದಳು.

ಶಿಬಿರ ನಾಲ್ಕಕ್ಕೇ ಬಿಡುತ್ತಿತ್ತು. ಬೇಸಿಗೆಯಲ್ಲಿ ನಾಲ್ಕೆಂದರೆ ಇನ್ನೂ ತಲೆ ಸುಡುವ ಬಿಸಿಲು. ಹಾಗಾಗಿ “ಹೋಗ್ಲಿ ಬಿಡು, ಮನ್ಯಾಗ ಕುಂತ ಏನ ಮಾಡ್ತೈತಿ” ಎಂದು ಅಪ್ಪಣೆ ಸಿಕ್ಕಿತು. ಶಿಬಿರದಲ್ಲಿ ಏನಾದರೂ ಮಾಡಿ ತೋರಿಸಿ ಅವಳ ಮನಸ್ಸು ತಿರುಗಿಸಬೇಕು ಎಂಬುದು ನನ್ನ ಲೆಕ್ಕಾಚಾರ.

ಶಿಬಿರದ ಮೊದಲ ದಿನ ಉದ್ಘಾಟನೆ. ಎರಡನೆಯ ದಿನವೂ ಉದ್ಘಾಟನೆ, ಏಕೆಂದರೆ ಮೊದಲ ದಿನ ಬರಬೇಕಾದ ಅತಿಥಿ ಅಂದು ಬಂದರು. ಆಮೇಲೆ ಡ್ರೋನ್ ಬಂತು. ಅದನ್ನು ಅತಿಥಿಗಳು ಹಾರಿಸಿದರು, ನಾವು ಚಪ್ಪಾಳೆ ಹೊಡೆದೆವು. ರೋಬೋಟ್ ಬಂತು. ಅದು ಯಾರಿಗೂ ಬಗ್ಗಲಿಲ್ಲ, ಬ್ಯಾಟರಿ ಪುಣೆಯಲ್ಲೇ ಉಳಿದಿತ್ತು. ನಾವು ಅದರ ಸುತ್ತ ನಿಂತು ಅಚ್ಚರಿಪಡುತ್ತಿರುವ ಫೋಟೋ ಮಾತ್ರ ಚೆನ್ನಾಗಿ ಬಂತು. ಅಚ್ಚರಿ ಸಾಲದು ಎಂದು ಎರಡು ಸಲ ತೆಗೆಸಿದರು. ನಾಷ್ಟಾಕ್ಕೆ ಉಪ್ಪಿಟ್ಟು, ಉಪ್ಪಿಟ್ಟಿನ ತುಂಬ ಉಳ್ಳಾಗಡ್ಡಿ. ನಮ್ಮಲ್ಲಿ ಉಳ್ಳಾಗಡ್ಡಿ ಮುಟ್ಟುವುದಿಲ್ಲ. ಅಲ್ಪಸಂಖ್ಯಾತಳೆಂದು ಹುಡುಕಿ ಕರೆತಂದವರಿಗೆ ಅಲ್ಪಸಂಖ್ಯಾತರು ಏನು ತಿನ್ನುತ್ತಾರೆ ಎಂದು ಕೇಳಲು ಪುರಸೊತ್ತಾಗಿರಲಿಲ್ಲ. ಅವ್ವ ಕಟ್ಟಿಕೊಟ್ಟ ಚಪಾತಿ ಶೇಂಗಾ ಚಟ್ನಿಯಿಂದ ಜೀವ ಉಳಿಯಿತು.

ಒಂದು ದಿನ ‘ನಿಮ್ಮೂರಿನ ಸಮಸ್ಯೆ ಹೇಳಿ’ ಎಂಬ ಪಾಠ. ಸಮಸ್ಯೆ ಇಲ್ಲದಿದ್ದರೆ ಸಂಶೋಧನೆ ಹೇಗೆ ಮಾಡುವುದು? ಸರ್ ನನ್ನ ಬಳಿ ಬಂದು, ನಿಮ್ಮ ಹಳ್ಳಿಯ ದೊಡ್ಡ ಸಮಸ್ಯೆ ನೀರಿನ ಅಭಾವ ಅಲ್ಲವೇ ಎಂದರು.

“ಇಲ್ಲ ಸರ್, ನಮ್ಮಲ್ಲಿ ನೀರು ತಾನಾಗಿಯೇ ಮನೆಗೆ ಬರುತ್ತದೆ” ಎಂದೆ ಮರಾಠಿಯಲ್ಲಿ.

“ವಾಹ್, ಅಂದರೆ ನಲ್ಲಿ ಇದೆ!”

“ನಲ್ಲಿ ಅಲ್ಲ ಸರ್, ನದಿ.”

ಆ ನದಿಯನ್ನೇ ಹಿಡಿದುಕೊಂಡೆ. ನೀರು ಏರಿ ಎರಡು ತಂತಿಗಳ ತುದಿ ಮುಟ್ಟಿದ ಕೂಡಲೇ ಬೆಲ್ಲು ಹೊಡೆಯಬೇಕು, ಮಲಗಿದವರು ಏಳಬೇಕು. ಅಷ್ಟೇ. ಅಲ್ಲಿದ್ದ ಬೆಲ್ಲು ಶ್ರೀಮಂತರ ಮನೆಯ ಬಾಗಿಲಿನದು, ಕೋಗಿಲೆಯಂತೆ ಕೂಗುವಂಥದ್ದು. ಕೃಷ್ಣೆ ಹೊಸ್ತಿಲಿಗೆ ಬಂದರೆ ಮನೆಯೊಳಗೆ ಕೋಗಿಲೆ ಕೂಗುತ್ತದೆ, ಆಗಲಿ ಬಿಡಿ. ಮೊದಲ ಸಲ ಬಕೆಟ್ಟಿನಲ್ಲಿ ನೀರು ಏರಿ ಅದು ‘ಕುಹೂ’ ಎಂದಾಗ ನಾನು ಕಿರುಚಿಬಿಟ್ಟೆ. ಆ ಶಿಬಿರದ ಬಗ್ಗೆ ಎಷ್ಟು ನಕ್ಕರೂ ಇದೊಂದನ್ನು ಮುಚ್ಚಿಡಲಾರೆ, ಅಂಥ ಖುಷಿ ನನಗೆ ಅಲ್ಲಿಯತನಕ ಆಗಿರಲಿಲ್ಲ. ಸೈನ್ಸ್ ಬಿಟ್ಟು ಬದುಕುವುದು ಇನ್ನು ಆಗದ ಮಾತು ಎನ್ನಿಸಿತು.

ಸಮಾರೋಪಕ್ಕೆ ಅಜ್ಜಿಯನ್ನು ಬೆನ್ನುಹತ್ತಿ ಕರೆದುಕೊಂಡು ಹೋದೆ. ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಳು. ಕೋಗಿಲೆ ಕೂಗಿತು, ಸಭೆ ಚಪ್ಪಾಳೆ ಹೊಡೆಯಿತು, ಅಜ್ಜಿ ಪಕ್ಕದವರಿಗೆ “ನನ್ನ ಮಗನ ಮಗಳು” ಎಂದು ಹೇಳುತ್ತಿರುವುದು ವೇದಿಕೆಗೂ ಕೇಳಿಸಿತು. ನನ್ನ ಕೆಲಸ ಆಯಿತು ಅಂದುಕೊಂಡೆ. ಅಷ್ಟರಲ್ಲಿ ಸರ್ ಮೈಕು ಹಿಡಿದು ನನ್ನ ಹೆಗಲ ಮೇಲೆ ಕೈಯಿಟ್ಟು, “ಹೀ ಆಮಚೀ ವಂಚಿತ ಮುಲಗೀ!”, ಇವಳು ನಮ್ಮ ವಂಚಿತ ಹುಡುಗಿ, ಎಂದು ಸಾರಿದರು.

ಅಜ್ಜಿಯ ಮರಾಠಿ ಅರಿಸಿನ ಪೇಟೆಯ ಮರಾಠಿ. ಅಲ್ಲಿ ಇಂಥ ಮಾತು ಯಾರೂ ಆಡುವುದಿಲ್ಲ. ಅವಳಿಗೆ ವಂಚನೆ ಗೊತ್ತಿದ್ದದ್ದು ಬಸದಿಯ ಕನ್ನಡ ಪ್ರವಚನದಿಂದ. ವಂಚನೆ ಎಂದರೆ ಮೋಸ, ಮೋಸ ಎಂದರೆ ಮಹಾಪಾಪ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

“ಯಾರ್ರೀ ವಂಚಿಸಿದಾವ್ರು? ನಮ್ಮ ಹುಡುಗೀಗೆ ಯಾವಾಂವ ಮೋಸ ಮಾಡ್ಯಾನ? ಕರೀರಿ ಅವನ್ನ ಇಲ್ಲಿ, ನಾ ನೋಡ್ತೀನಿ!”

ಸಭೆಗೆ ಇದು ಯಾವುದೋ ಬೀದಿನಾಟಕವೇನೋ ಅನ್ನಿಸಿರಬೇಕು. ಮತ್ತೆ ಚಪ್ಪಾಳೆ. ಅತಿಥಿಗಳು ಮೊಬೈಲು ಎತ್ತಿ ಅಜ್ಜಿಯ ಫೋಟೋ ಹೊಡೆದರು. ನಾನು ಬಕೆಟ್ಟಿನ ನೀರಿನಲ್ಲಿ ಮುಳುಗುವ ದಾರಿ ಹುಡುಕುತ್ತಿದ್ದೆ.

ಅಜ್ಜಿ ಏನೆಂದಳೆಂದು ಪಕ್ಕದವರಿಂದ ತಿಳಿದುಕೊಂಡು ಸರ್ ಕೆಳಗಿಳಿದು ಬಂದರು. ಪಾಪ, ಒಳ್ಳೆಯ ಮನುಷ್ಯ. ಕೈಮುಗಿದು, ಅಜ್ಜಿಗೆ ತಿಳಿಯುವ ಸಾದಾ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಅಜ್ಜೀ, ಯಾರೂ ಮೋಸ ಮಾಡಿಲ್ಲ. ಇಂಥ ಹುಡುಗಿಯರು ಚುರುಕಾಗಿರುತ್ತಾರೆ. ಕಲಿಯುವ ಆಸೆ ಇರುತ್ತದೆ. ಮನೆಯವರು ಕಳಿಸುವುದಿಲ್ಲ. ಅಂಥವರಿಗೆ ವಂಚಿತರು ಅನ್ನುತ್ತೇವೆ.

ಅಜ್ಜಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೂತಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಹಾಗೇ ಇತ್ತು.

ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ. ಬಸ್ಸು ಮಿರಜ ದಾಟಿತು. ಎಲ್ಲ ಕೆಡಿಸಿಟ್ಟ ಆ ಸರ್‌ಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡುತ್ತಿದ್ದೆ.

“ಅಂದ್ರ, ನಿನಗ ಮೋಸ ಮಾಡಿದಾಕಿ ನಾನ ಆತು,” ಎಂದಳು ಅಜ್ಜಿ. “ಹೌದಲ್ಲ?”

ಇಲ್ಲ ಅಜ್ಜಿ, ಅವರಿಗೇನು ತಿಳಿಯುತ್ತದೆ, ಎಂದುಬಿಡಬಹುದಿತ್ತು. ಅವಳು ಕಾಯುತ್ತಿದ್ದುದೂ ಅದಕ್ಕೇ.

“ಹೌದು,” ಎಂದೆ.

“ಹಸಕೊಂಡ ಮಲಗತೀ ಅಂತ ಅಂಜಿದ್ನೆವಾ. ಮೋಸ ಮಾಡಬೇಕಂತ ಅಲ್ಲ.”

“ಗೊತ್ತೈತಿ.”

“ಗೊತ್ತಿದ್ದೂ ಹೌದ ಅಂದಿ?”

“ಹೂಂ.”

ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಕಣ್ಣೊರೆಸಿಕೊಂಡದ್ದು ನನಗೆ ಕಾಣಬಾರದು ಎಂದು ತಿರುಗಿದ್ದು, ಕಂಡಿತು.

ರಿಸಲ್ಟು ಬಂದ ದಿನ ಅಪ್ಪ ಎಂದಿನಂತೆ ಅಜ್ಜಿಯ ಮುಖ ನೋಡಿದ. “ಸೈನ್ಸಿಗೆ ಹೆಸರ ಹಚ್ಚು” ಎಂದಳು, ಅಕ್ಕಿಯಲ್ಲಿನ ಹರಳು ಆರಿಸುತ್ತ ತಲೆ ಎತ್ತದೆ. ಸಂಜೆಯ ಊಟದ ಗತಿ ಏನು ಎಂದು ಅವಳೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಸಂಸ್ಥೆಯವರು ಸುದ್ದಿ ತಿಳಿದು ಇದು ತಮ್ಮ ರೋಬೋಟಿನ ಪ್ರಭಾವ ಎಂದು ಹೇಳಿಕೊಂಡರಂತೆ. ಹೇಳಿಕೊಳ್ಳಲಿ.

ಮಳೆಗಾಲ ಹೇಗೋ ಕಳೆಯಿತು. ಬೆಳಕಿರುವಾಗಲೇ ಮನೆ ಮುಟ್ಟುತ್ತಿದ್ದೆ. ದೀಪಾವಳಿ ರಜೆ ಮುಗಿದ ಮೇಲಿನ ಮೊದಲ ಪ್ರಾಕ್ಟಿಕಲ್ಲಿನ ದಿನ, ಇವತ್ತು ಉಪವಾಸವೇ ಗತಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಪ್ರನಾಳಗಳನ್ನು ತೊಳೆಯುತ್ತಿದ್ದೆ. ಕಾಲೇಜಿನ ಸಿಪಾಯಿ ಬಂದು, ಹೊರಗೆ ನಿನ್ನ ಅಜ್ಜಿ ಬಂದಿದ್ದಾರೆ, ಗೇಟು ಬಿಟ್ಟು ಹೋಗುವುದಿಲ್ಲ ಅನ್ನುತ್ತಿದ್ದಾರೆ ಎಂದ. ಮನೆಯಲ್ಲಿ ಯಾರಿಗೋ ಏನೋ ಆಯಿತು ಎಂದುಕೊಂಡೆ. ಕೈ ಒರೆಸದೆ ಓಡಿದೆ.

ಊರು ಬಿಟ್ಟು ಒಬ್ಬಳೇ ಎಲ್ಲೂ ಹೋಗದವಳು ಕಾಲೇಜಿನ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಡಬ್ಬಿ, ಪಕ್ಕದಲ್ಲಿ ನೀರಿನ ತಂಬಿಗೆ. ಡಬ್ಬಿಯಲ್ಲಿ ಇಬ್ಬರ ಊಟ ಇತ್ತು, ನನ್ನನ್ನು ಉಣ್ಣಿಸಿ ಅವಳು ಊರು ಮುಟ್ಟುವಷ್ಟರಲ್ಲಿ ಅವಳ ಊಟದ ಹೊತ್ತೂ ಮೀರಿರುತ್ತಿತ್ತಲ್ಲ. ನನಗೆ ಅಳು ಒತ್ತರಿಸಿ ಬಂತು, ಅತ್ತುಬಿಟ್ಟೆ. ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನನ್ನ ಕೈಮೇಲೆ ನೀರು ಹಾಕಿದಳು, ಎದುರಿನ ಕಟ್ಟಡಗಳ ಮೇಲೆ ಉಳಿದಿದ್ದ ಬಿಸಿಲನ್ನು ನೋಡಿದಳು, ರೊಟ್ಟಿ ಮುರಿದು ನನ್ನ ಕೈಗಿಟ್ಟಳು.

“ಉಣ್ಣು ಲಗೂನ,” ಎಂದಳು. “ಹೊತ್ತು ಇನ್ನಾ ಐತಿ.”