ನೀಲಗಂಗಮ್ಮನ ಕ್ಯಾಸೆಟ್ ಪಾಠಶಾಲೆ

ಕಾಶಿಯ ಭೇಲೂಪುರದಲ್ಲಿ ಬೆಳಕು ಹರಿಯುವ ಹೊತ್ತು. ನೀಲಗಂಗಮ್ಮ ಕಿಟಕಿ ಮುಚ್ಚಿ, ಹೊರಗಿನ ಸದ್ದು ಬಾರದಂತೆ ಬಾಗಿಲಿಗೆ ದಪ್ಪ ರಜಾಯಿ ಇಳಿಬಿಟ್ಟು, ಟೇಪ್ ರೆಕಾರ್ಡರಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುತ್ತಾರೆ. ಹಿಂದಿಯಲ್ಲಿ ಪಾಠ ಶುರು: “ತಂಗೀ, ಮೊದಲು ಕೈ ತೊಳೆದುಕೋ. ನಾನು ಕಾಯುತ್ತೇನೆ.” ನಿಜಕ್ಕೂ ಕಾಯುತ್ತಾರೆ. ಅಷ್ಟರಲ್ಲಿ ಪಾರಿವಾಳವೊಂದು ಗುಟುರು ಹಾಕುತ್ತದೆ. ಟೇಪು ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ. “ಇನ್ನ ಸ್ವಲ್ಪ ಹೊತ್ತಿಗೆ ರಿಕ್ಷಾ ಗಂಟಿ ಶುರು ಆಗ್ತಾವ. ಆಮ್ಯಾಲ ನನ್ನ ಮಾತು ನನಗ ಕೇಳಂಗಿಲ್ಲ” ಎಂದು ನಗುತ್ತಾರೆ.

ಗದಗಿನ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು ಅವರು. ಪತಿ ವೀರಯ್ಯ ಗೋದೌಲಿಯಾ ಹತ್ತಿರದ ಕನ್ನಡಿಗರ ಮಠದಲ್ಲಿ ಅಡುಗೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನೀಲಗಂಗಮ್ಮ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಆದರು. ಬಾಣಂತಿಯರ ಜೊತೆ ಮಾತಾಡುತ್ತಲೇ ಹಿಂದಿ ಕಲಿತರು. ಅಲ್ಲಿನ ವೈದ್ಯೆ, ಧಾರವಾಡದ ವಸಂತಾ, ಗಲ್ಲಿಯ ಹೆಂಗಸರಿಗೆ ಮಕ್ಕಳ ಆರೈಕೆಯ ತರಬೇತಿ ಏರ್ಪಡಿಸಿದಾಗ ಯಾರೂ ಬರಲಿಲ್ಲ. ಮನೆಗೆಲಸ, ಮಗ್ಗಕ್ಕೆ ನೂಲು ಸುತ್ತುವ ಕೆಲಸ ಬಿಟ್ಟು ತರಗತಿಯಲ್ಲಿ ಕೂರುವುದು ಯಾರಿಂದಾದೀತು? “ಅವರು ಬರಂಗಿಲ್ಲಂದ್ರ ಪಾಠನ ಅವರ ಮನಿಗೆ ಹೋಗಲಿ” ಎಂದರು ನೀಲಗಂಗಮ್ಮ. ವಸಂತಾ ತಮ್ಮ ಟೇಪ್ ರೆಕಾರ್ಡರನ್ನೇ ಕೊಟ್ಟುಬಿಟ್ಟರು.

ಮೊದಲ ಕ್ಯಾಸೆಟ್ಟುಗಳು ಭಾಷಣದಂತಿದ್ದವು. ಎಲ್ಲರೂ ಚೆನ್ನಾಗಿದೆ ಎಂದರು. ಒಂದು ಮಧ್ಯಾಹ್ನ ನೇಕಾರರ ಓಣಿಯ ಮಹೇಶ್ವರಿಯ ಮನೆಗೆ ಹೋದಾಗ ಆಕೆ ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ನೀರು ಕಲಸುತ್ತಿದ್ದಳು. ಲೋಟಕ್ಕೆ ಬಿದ್ದದ್ದು ಚಿಟಿಕೆಯಲ್ಲ, ಹಿಡಿ ಉಪ್ಪು! ನೀಲಗಂಗಮ್ಮ ಓಡಿಹೋಗಿ ಕೈ ಹಿಡಿದರು.

“ಪಾಠ ಕೇಳಿದ್ದೆನಲ್ಲ ದೀದಿ, ಮತ್ತೆ ಮತ್ತೆ ಕೇಳಿದ್ದೆ” ಎಂದು ಮಹೇಶ್ವರಿ ಅತ್ತಳು. “ಕಿವಿಗೆ ಬಂತು, ಕೈಗೆ ಬರಲಿಲ್ಲ.”

“ಆ ಮಾತು ನನಗ ದೊಡ್ಡ ಪಾಠ ಆತ್ರಿ” ಎನ್ನುತ್ತಾರೆ ನೀಲಗಂಗಮ್ಮ. ಅಂದಿನಿಂದ ಪಾಠದ ರೀತಿಯೇ ಬೇರೆ. ತುಸು ಹೇಳುವುದು, ಟೇಪು ನಿಲ್ಲಿಸಿ ಮಾಡಲು ಹೇಳುವುದು. ಕಲಸಿದ ನೀರು ಕಣ್ಣೀರಿಗಿಂತ ಉಪ್ಪಾಗಿರಬಾರದು, ನಾಲಿಗೆಯಿಂದಲೇ ನೋಡಿಕೊಳ್ಳಬೇಕು. ಕ್ಯಾಸೆಟ್ಟಿನ ಇನ್ನೊಂದು ಬದಿ ಖಾಲಿ. ಓಣಿಗೆಲ್ಲ ಸೇರಿ ಇರುವ ಒಂದು ಟೇಪ್ ರೆಕಾರ್ಡರಿನಲ್ಲಿ ಹೆಂಗಸರು ಅಲ್ಲಿ ತಮ್ಮ ಅನುಮಾನಗಳನ್ನು ತುಂಬಿ ಕಳಿಸುತ್ತಾರೆ. ಮುಂದಿನ ಕ್ಯಾಸೆಟ್ಟಿನಲ್ಲಿ ಹೆಸರು ಹಿಡಿದು ಉತ್ತರ.

ಕಾಶಿಯ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರ ಕಲಿಸುವ ಮೈಸೂರಿನ ಗೋಪಿನಾಥ ಈ ಕ್ಯಾಸೆಟ್ಟುಗಳನ್ನು ಕೇಳಿ ಅವರಿಗೆ ಕೆಲವು ಪದಗಳನ್ನು ಕೊಟ್ಟರು. ಮಾಡಿ ಕಲಿಯುವುದು. ತನ್ನ ವೇಗದಲ್ಲಿ ಕಲಿಯುವುದು. ಹಿಮ್ಮಾಹಿತಿ, ಅಂದರೆ ಕಲಿಯುವವರ ಮಾತು ಕಲಿಸುವವರಿಗೆ ಮರಳಿ ಮುಟ್ಟುವುದು. “ಇನ್ನೊಂದಿದೆ ಅಮ್ಮ, ಆಸರೆ” ಎಂದರು ಅವರು. “ಕಲಿಯುವವರಿಗೆ ಮೊದಲು ಪೂರ್ತಿ ಆಸರೆ ಕೊಡಬೇಕು, ಆಮೇಲೆ ನಿಧಾನವಾಗಿ ತೆಗೀಬೇಕು.”

ಈ ಒಂದು ಪದಕ್ಕೆ ನೀಲಗಂಗಮ್ಮ ಇಂದಿಗೂ ಅವರನ್ನು ನೆನೆಯುತ್ತಾರೆ. “ಆಸರಿ ಕೊಡೂದು ನನಗ ಗೊತ್ತಿತ್ತು. ತೆಗಿಯೂದು ಗೊತ್ತಿದ್ದಿಲ್ಲ. ಎಲ್ಲಾ ನಾನ ಹೇಳಿಬಿಡ್ತಿದ್ದೆ.” ಈಗಿನ ಪಾಠಗಳಲ್ಲಿ ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ, ಉತ್ತರ ಹೇಳುವುದು ಆ ಮೌನದ ನಂತರ.

ಈ ವರ್ಷ, ೧೯೯೨ರ ಬೇಸಿಗೆಯಲ್ಲಿ, ಪಕ್ಕದ ಮನೆಯ ಕೂಸು ವಾಂತಿ-ಭೇದಿಯಿಂದ ಬಾಡಿ ಹೋದಾಗ ಮಹೇಶ್ವರಿ ಯಾರನ್ನೂ ಕೇಳಲಿಲ್ಲ. ನೀರು ಕಲಸಿ, ರುಚಿ ನೋಡಿ, ಸೈಕಲ್ ರಿಕ್ಷಾದಲ್ಲಿ ಆಸ್ಪತ್ರೆಯವರೆಗೂ ಚಮಚ ಚಮಚವಾಗಿ ಕುಡಿಸುತ್ತ ಬಂದಳು. ಕೂಸು ಉಳಿಯಿತು. ಬಾಗಿಲಲ್ಲಿ ಎದುರಾದ ನೀಲಗಂಗಮ್ಮನ ಪಾದ ಮುಟ್ಟಲು ಬಗ್ಗಿದವಳನ್ನು ಅವರು ಎತ್ತಿ ಅಪ್ಪಿಕೊಂಡರು. “ನೀ ಅವತ್ತ ಖರೇ ಹೇಳಿದ್ದಕ್ಕ ನಾನು ಕಲಿಸೂದು ಕಲತೆ” ಎಂದು ಕನ್ನಡದಲ್ಲೇ ಹೇಳಿಬಿಟ್ಟರಂತೆ. ಮಹೇಶ್ವರಿಗೆ ಅದು ಅರ್ಥವಾಯಿತೋ ಏನೋ, ತಲೆಯಾಡಿಸಿದಳು.

ಇನ್ನೇನು ಆಸೆಯಿದೆ ಎಂದು ಕೇಳಿದರೆ ನೀಲಗಂಗಮ್ಮ ಹೊಸ ಕ್ಯಾಸೆಟ್ಟಿನ ಹೊದಿಕೆ ಬಿಚ್ಚುತ್ತಾರೆ.

“ಇದರಾಗ ಮಹೇಶ್ವರಿ ಮಾತಾಡ್ಲಿ. ನಾನು ಕೇಳ್ತೀನಿ.”